ಹಿಂದಕ್ಕೆ ತಳ್ಳುವ ನಾಲ್ಕು ನಿಮಿಷ

ಕಪ್ಪು ಪ್ಲಾಸ್ಟಿಕ್ಕಿನ ಮೈ, ಹೊಟ್ಟೆಯೊಳಗೊಂದು ಸ್ಪ್ರಿಂಗು, ಬೆರಳಿಗೆ ಸಿಗುವಂತೆ ನಾಲ್ಕು ಗುಂಡಿ, ಅಂಗೈ ತುಂಬುವಷ್ಟು ಹಿಡಿ. ಇಷ್ಟು ಕೊಟ್ಟು ನನ್ನನ್ನು ಕಾರ್ಖಾನೆಯಿಂದ ಹೊರಗೆ ಕಳಿಸಿದರು. ಕಂಪ್ಯೂಟರಿನ ಪರದೆಯೊಳಗೆ ವಿಮಾನ ಹಾರಿಸುವವರ ಕೈಗೆಂದೇ ಹುಟ್ಟಿದ ಜಾಯ್‌ಸ್ಟಿಕ್ ನಾನು.

ಮೊದಲ ಕೈ ಹುಬ್ಬಳ್ಳಿಯ ದಂತವೈದ್ಯರ ಮಗಳದು. ಅವಳಿಗೆ ವಿಮಾನ ಬೇಕಿರಲಿಲ್ಲ, ಯುದ್ಧ ಬೇಕಿತ್ತು. ಮೂರು ತಿಂಗಳು ನನ್ನ ಒಂದೇ ಗುಂಡಿಯನ್ನು ಒತ್ತಿ ಒತ್ತಿ ಸಾವಿರಾರು ಜನರನ್ನು ಕೊಂದಳು. ಪರೀಕ್ಷೆ ಬಂತು, ನಾನು ರಟ್ಟಿನ ಡಬ್ಬಿ ಸೇರಿದೆ.

ಎರಡನೆಯ ಕೈ ಗದಗಿನ ರುದ್ರಪ್ಪ ಹಳ್ಳಿಕೇರಿಯವರದು. ಕಾಲೇಜಿನಲ್ಲಿ ಗಣಿತ ಕಲಿಸುವವರು, ಐವತ್ತರ ಆಸುಪಾಸಿನವರು. ನನ್ನನ್ನು ಹಿಡಿದ ಮೊದಲ ದಿನವೇ ತಿಳಿಯಿತು, ಇದು ಗುಂಡು ಹಾರಿಸುವ ಕೈಯಲ್ಲ. ವಿಮಾನವನ್ನು ನೆಲದಿಂದ ಎತ್ತುವಾಗ, ನಿದ್ದೆ ಹೋದ ಕೂಸನ್ನು ತೊಡೆಯಿಂದ ತೊಟ್ಟಿಲಿಗೆ ಹಾಕುವವರ ಹಾಗೆ ಅವರ ಉಸಿರು ನಿಲ್ಲುತ್ತಿತ್ತು. ಸಂಜೆ ಆರಕ್ಕೆ ಬಂದು ಕುಳಿತರೆ ಊಟಕ್ಕೆ ಮೂರು ಸಲ ಕರೆಯಬೇಕು.

ಕರೆಯುವವಳು ಅವರ ಹೆಂಡತಿ ದಾಕ್ಷಾಯಣಿ. ಪಕ್ಕದ ಮನೆಯ ಕಸ್ತೂರಿ ಒಮ್ಮೆ ಬಾಗಿಲಲ್ಲಿ ನಿಂತು ನಕ್ಕಳು: “ಏನವಾ, ನಿಮ್ಮ ಯಜಮಾನ್ರು ಆಕೀ ಕೈ ಬಿಡವಲ್ರಲ್ಲ. ಸವತಿ ತಂದಾರೇನ?”

“ತಂದಾರ ಬಿಡವ್ವ,” ಎಂದಳು ದಾಕ್ಷಾಯಣಿ. “ಆಕಿಗೆ ಒಗ್ಗರಣಿ ಹಾಕಾಕ ಬರಂಗಿಲ್ಲ, ಅದೊಂದ ಸಮಾಧಾನ.”

ಮಾತು ತಮಾಷೆಯದು. ಆದರೆ ಅವಳು ಒಳಗೆ ಹೋಗುವ ಮುಂಚೆ ನನ್ನ ಮೇಲಿದ್ದ ಗಂಡನ ಕೈಯನ್ನು ನೋಡಿದ ರೀತಿ ತಮಾಷೆಯದಾಗಿರಲಿಲ್ಲ. ನನಗೆ ಒಳಗೊಳಗೇ ಹಿತವಾಯಿತು. ನಮ್ಮನ್ನು ಕಂಡು ಇನ್ನೊಬ್ಬರ ಹೊಟ್ಟೆ ಉರಿಯುವಾಗ ನಮ್ಮ ಬೆಲೆ ನಮಗೆ ತಿಳಿಯುತ್ತದಲ್ಲ, ಆ ಹಿತ.

ಅದು ನಾಲ್ಕು ತಿಂಗಳಷ್ಟೇ ಬಾಳಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂಟು ಜನ ಹವ್ಯಾಸಿಗಳು ಬೇರೆ ಬೇರೆ ಊರುಗಳಿಂದ ಇಂಟರ್ನೆಟ್ಟಿನ ಮೂಲಕ ಪರದೆಯೊಳಗಿನ ಒಂದೇ ವಿಮಾನ ನಿಲ್ದಾಣದಲ್ಲಿ ಸೇರುತ್ತಿದ್ದರು. ಬಾಗಲಕೋಟೆಯ ದೇಸಾಯಿಯವರು, ನಿವೃತ್ತ ಸ್ಟೇಷನ್ ಮಾಸ್ತರರು, ಸ್ಪೀಕರಿನಲ್ಲಿ ಎಲ್ಲರಿಗೂ ಅಪ್ಪಣೆ ಕೊಡುವವರು. ಹಾರಾಟದಲ್ಲಿ ನಮ್ಮ ರುದ್ರಪ್ಪನವರನ್ನು ಮೀರಿಸುವವರಿಲ್ಲ. ಹೊರಡುವಾಗ ಮಾತ್ರ ಪೇಚಾಟ.

ಗೇಟಿನ ಬಳಿ ವಿಮಾನ ಕಟ್ಟಡಕ್ಕೆ ಮೂತಿ ಕೊಟ್ಟು ನಿಂತಿರುತ್ತದೆ. ತಾನಾಗಿ ಹಿಂದಕ್ಕೆ ಬರಲಾರದು. ಗಿಡ್ಡನೆಯ ಎಳೆಗಾಡಿಯೊಂದು ಅದರ ಮುಂಗಾಲಿಗೆ ಕೊಂಡಿ ಹಾಕಿ ಹಿಂದಕ್ಕೆ ತಳ್ಳಿ, ಹಳದಿ ಗೆರೆಯ ಮೇಲೆ ತಿರುಗಿಸಿ ನಿಲ್ಲಿಸಬೇಕು. ಪರದೆಯಲ್ಲಿ ಆ ಗಾಡಿಗೆ ಕೀಬೋರ್ಡಿನ ಎರಡು ಕೀಲಿ: ಒಂದು ಬಾಲವನ್ನು ಎಡಕ್ಕೆ ತಿರುಗಿಸುತ್ತದೆ, ಇನ್ನೊಂದು ಬಲಕ್ಕೆ. ಆ ನಾಲ್ಕು ನಿಮಿಷ ನನಗೆ ಏನೂ ಕೆಲಸವಿಲ್ಲ.

ರುದ್ರಪ್ಪನವರು ಮೂತಿ ಎಡಕ್ಕೆ ಬರಲೆಂದು ಎಡದ ಕೀಲಿ ಒತ್ತುವರು. ಬಾಲ ಎಡಕ್ಕೆ ಹೋಗಿ ಮೂತಿ ಬಲಕ್ಕೆ ತಿರುಗುವುದು. ವಿಮಾನ ದಾರಿಗೆ ಬೆನ್ನು ಹಾಕಿ ನಿಲ್ಲುವುದು. ಹಿಂದಿನವರೆಲ್ಲ ಕಾಯುವರು.

“ಹಳ್ಳಿಕೇರಿ ಸರ್,” ಎಂದು ದೇಸಾಯಿಯವರ ದನಿ, “ನಿಮ್ಮ ಬಾಲ ಕ್ಯಾಂಟೀನಿನ್ಯಾಗ ಹೊಂಟೈತಿ. ಎಲ್ಲಾರಿಗೂ ಚಾ ಹೇಳಿಬಿಡ್ರಿ.”

ಸ್ಪೀಕರಿನ ತುಂಬ ನಗು. ನೆಲದ ಮೇಲೆ ಕುಳಿತು ಚವಳಿಕಾಯಿ ಮುರಿಯುತ್ತಿದ್ದ ದಾಕ್ಷಾಯಣಿ ತಲೆ ಎತ್ತಿದಳು.

“ಟ್ರ್ಯಾಕ್ಟರಿಗೆ ಟ್ರೇಲರ್ ಹಚ್ಚಿ ಹಿಂದಕ್ಕ ಹೊಡದಂಗ ಐತಿ ಇದು. ಸರೀರಿ ಸ್ವಲ್ಪ.”

ತವರಿನಲ್ಲಿ ಹದಿನಾರನೆಯ ವಯಸ್ಸಿಗೇ ಅಪ್ಪನ ಟ್ರೇಲರನ್ನು ಕಣದ ಇಕ್ಕಟ್ಟಿನ ಬಾಗಿಲಿಗೆ ಹಿಂದು ಹಿಂದಾಗಿ ನುಗ್ಗಿಸುತ್ತಿದ್ದವಳಂತೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಸೆರಗಿಗೆ ಕೈ ಒರೆಸಿ, ಗಂಡನ ಭುಜದ ಮೇಲಿಂದ ಬಗ್ಗಿ, ಒಂದು ಕೀಲಿ ಒತ್ತಿದಳು. ಬಾಲ ಪೂರ್ತಿ ತಿರುಗುವ ಮುಂಚೆಯೇ ಎದುರಿನ ಕೀಲಿ ಒತ್ತಿ ನೆಟ್ಟಗೆ ಮಾಡಿದಳು. ವಿಮಾನ ಹಳದಿ ಗೆರೆಯ ಮೇಲೆ ಬಂದು ನಿಂತಿತು.

“ಭೇಷ್! ಯಾರ್ರೀ ಇದು?” ಎಂದರು ದೇಸಾಯಿ.

ರುದ್ರಪ್ಪನವರು ಮೈಕು ತೆರೆದು ಹೇಳಿದರು: “ನಾನ ರೀ. ಪ್ರ್ಯಾಕ್ಟೀಸ್ ಮಾಡೀನಿ.”

ದಾಕ್ಷಾಯಣಿ ಚವಳಿಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಪ್ರತಿ ಭಾನುವಾರವೂ ಅದೇ. ಆ ನಾಲ್ಕು ನಿಮಿಷಕ್ಕಾಗಿ ಅವರು ನನ್ನನ್ನು ಬಿಟ್ಟು, ಮೈಕು ಮುಚ್ಚಿ, ಅವಳನ್ನು ಕರೆಯುವರು. ಅವಳ ಬಳೆಗಳು ನನ್ನ ತಲೆಗೆ ತಾಗುವವು. ಅವಳು ಬಗ್ಗಿದಾಗ ಅವರು ಪರದೆ ನೋಡದೆ ಅವಳ ಬೆರಳು ನೋಡುವರು. ನಾನು ಮೋಡ ದಾಟಿಸಿದ್ದೇನೆ, ಬಿರುಗಾಳಿಯಲ್ಲಿ ಇಳಿಸಿದ್ದೇನೆ, ನನ್ನನ್ನು ಒಮ್ಮೆಯೂ ಹಾಗೆ ಬೆರಗಿನಿಂದ ನೋಡಿದವರಲ್ಲ. ಹಿಂದಕ್ಕೆ ಇಪ್ಪತ್ತು ಗಜ ತಳ್ಳುವುದು ಅಷ್ಟು ದೊಡ್ಡದೇ? ಒಳಗೊಳಗೇ ಉರಿದೆ. ಅವಳ ಕೈಗೆ ಎಣ್ಣೆ ಸಿಡಿಯಲಿ, ಭಾನುವಾರ ನೆಂಟರು ಬರಲಿ ಎಂದು ಬಯಸಿದೆ. ಒಂದು ವಾರ ನೆಂಟರು ಬಂದರು ಕೂಡ. ಅವಳು ಹೋಳಿಗೆ ಹಿಟ್ಟಿನ ಕೈಯಲ್ಲೇ ಬಂದು ತಳ್ಳಿ ಹೋದಳು.

ಹೊಗಳಿಕೆ ಮಾತ್ರ ರುದ್ರಪ್ಪನವರ ಲೆಕ್ಕಕ್ಕೆ ಸೇರುತ್ತಿತ್ತು. ಕಡೆಗೆ ದೇಸಾಯಿಯವರೆಂದರು: “ಬರೋ ರವಿವಾರ ನಮಗೆಲ್ಲಾ ಇದನ್ನ ಕಲಿಸ್ರಿ ಸರ್.”

ಆ ವಾರವೆಲ್ಲ ಅವರು ಹೆಂಡತಿಯನ್ನು ಕೇಳಿ ಕೇಳಿ ನೋಟುಬುಕ್ಕಿನಲ್ಲಿ ಕೋನಗಳ ಚಿತ್ರ ಬರೆದರು. ಶನಿವಾರ ರೊಟ್ಟಿ ಬಡಿಯುತ್ತಲೇ ಅವಳು ಕೇಳಿದಳು: “ನಾಳೆ ನನ್ನ ಹೆಸರು ಹೇಳ್ತೀರಲ್ಲ?”

“ಹೇಳೂಣಂತ. ಅದೇನ ಅಂಥಾ ದೊಡ್ಡದು?”

“ದೊಡ್ಡದಲ್ಲ ಅಂದ ಮ್ಯಾಲೆ ಹೇಳಾಕೇನ ಕಷ್ಟ?”

ಅವರು ನೋಟುಬುಕ್ಕಿಗೆ ಬಗ್ಗಿ ಇನ್ನೊಂದು ಕೋನ ಗೀಚಿದರು. ನನಗೆ ಅವರ ಗುಟ್ಟು ಗೊತ್ತಾದದ್ದು ಆಗ. ಅವರಿಗೂ ಅವಳ ಮೇಲೆ ಹೊಟ್ಟೆಕಿಚ್ಚು. ತಮಗೆ ಬಾರದ್ದು, ಟ್ರ್ಯಾಕ್ಟರಿನ ಮೇಲೆ ಬೆಳೆದವಳಿಗೆ ಬರುತ್ತದೆಂದು.

ಭಾನುವಾರ ಉಳಿದ ಏಳು ಜನರೂ ಅವರ ಪರದೆಯನ್ನು ತಮ್ಮ ತಮ್ಮ ಮನೆಯಲ್ಲಿ ನೋಡುತ್ತ ಕುಳಿತರು. ದಾಕ್ಷಾಯಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ರುದ್ರಪ್ಪನವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು: “ಇದನ್ನ ನಾನು ಹೆಂಗ ಕಂಡಹಿಡದೆ ಅಂದ್ರ…”

ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿತು.

ಅವರು ಕೀಲಿ ಒತ್ತಿದರು. ಬಾಲ ತಿರುಗಿತು. ಎದುರಿನ ಕೀಲಿಗೆ ಹೊತ್ತು ಮೀರಿತು. ನೋಟುಬುಕ್ಕಿನ ಕೋನ ಪರದೆಯ ಮೇಲೆ ಸಿಗಲಿಲ್ಲ. ಬಾಲ ಪಕ್ಕದ ಗೇಟಿನ ವಿಮಾನದ ರೆಕ್ಕೆಯತ್ತ ಸಾಗತೊಡಗಿತು. ಮೈಕು ತೆರೆದಿದೆ ಎನ್ನುವುದನ್ನೂ ಮರೆತು, ವಾರವಾರದ ರೂಢಿಯಲ್ಲಿ ಕೂಗಿದರು: “ಏ ದಾಕ್ಷಾಯಣೀ, ಬಾ ಇಲ್ಲೆ! ಲಗೂನ!”

ಅವಳು ಬಂದಳು. ಆದರೆ ಬಗ್ಗಲಿಲ್ಲ.

“ಕುರ್ಚಿ ಬಿಡ್ರಿ,” ಎಂದಳು.

ಅವರು ಎದ್ದರು. ಅವಳು ಕುಳಿತಳು. ಬಾಲ ರೆಕ್ಕೆಯನ್ನು ಗೇಣಿನಷ್ಟರಲ್ಲಿ ತಪ್ಪಿಸಿಕೊಂಡು ಗೆರೆಗೆ ಬಂತು.

“ತಂಗೆವ್ವಾ,” ಎಂದರು ದೇಸಾಯಿ ಮೆಲ್ಲಗೆ, “ಇಷ್ಟು ದಿನ ನೀವ ಮಾಡತಿದ್ರೇನ?”

“ಅವರನ್ನ ಕೇಳ್ರಿ.”

ಏಳೂ ಮನೆ ಕಾಯುತ್ತಿದ್ದವು. ನಿಂತ ರುದ್ರಪ್ಪನವರು ಕೈ ಎಲ್ಲಿಡಬೇಕೋ ತಿಳಿಯದೆ ನನ್ನನ್ನು ಹಿಡಿದರು. ಆ ನಾಲ್ಕು ನಿಮಿಷದಲ್ಲಿ ಅವರು ನನ್ನನ್ನು ಹಿಡಿಯಲೆಂದು ನಾನು ಎಷ್ಟು ವಾರ ಕಾದಿದ್ದೆ! ಈಗ ಹಿಡಿದರು, ಗಟ್ಟಿಯಾಗಿ, ಬೆವರಿದ ಅಂಗೈಯಿಂದ. ಆದರೆ ಅದು ಹಾರಿಸುವ ಹಿಡಿತವಲ್ಲ. ಅವಳು ಕುಳಿತ ಜಾಗ ಕಂಡು ಉರಿಯುವವರ ಹಿಡಿತ. ನನಗದು ಚೆನ್ನಾಗಿ ಗೊತ್ತಿತ್ತು, ನನ್ನ ಸ್ವಂತದ್ದೇ ಆಗಿತ್ತು.

“ಆಕಿನ ರೀ,” ಎಂದರು ಕೊನೆಗೆ. “ಮೊದಲಿನಿಂದ್ಲೂ ಆಕಿನ. ದಾಕ್ಷಾಯಣಿ. ನಾ ಸುಳ್ಳ ಹೇಳಿದ್ದೆ.”

ದಾಕ್ಷಾಯಣಿ ತಿರುಗಿ ನೋಡಲಿಲ್ಲ. ಮೈಕನ್ನು ತನ್ನತ್ತ ಎಳೆದುಕೊಂಡಳು. “ಮೂತಿ ನೋಡಬ್ಯಾಡ್ರಿ ಯಾರೂ. ಬಾಲ ಎಲ್ಲಿಗೆ ಹೋಗಬೇಕು, ಅದನ್ನ ನೋಡ್ರಿ. ಮೂತಿ ತಾನ ಬರ್ತೈತಿ,” ಎಂದು ಕಲಿಸಲು ತೊಡಗಿದಳು.

ಅದಾಗಿ ಆರು ವರ್ಷ. ನನ್ನ ಸ್ಪ್ರಿಂಗು ಸಡಿಲಾಗಿ ವಿಮಾನ ಸುಮ್ಮನೆ ಎಡಕ್ಕೆ ವಾಲತೊಡಗಿದ ಮೇಲೆ ಅವರು ಹೊಸದನ್ನು ತಂದರು. ನಾನೀಗ ಅದೇ ಕೋಣೆಯ ಕಪಾಟಿನಲ್ಲಿ, ಹಳೆಯ ವೈರುಗಳ ನಡುವೆ ಇದ್ದೇನೆ. ಕದದ ಸಂದಿನಿಂದ ಭಾನುವಾರ ಕೇಳಿಸುತ್ತದೆ: ಅವಳ ದನಿ, ಆಮೇಲೆ ಅವರು ಎದ್ದು ಕುರ್ಚಿ ಬಿಟ್ಟುಕೊಡುವ ಸದ್ದು.

ಹೊಸದನ್ನು ಕಂಡು ನನಗೆ ಉರಿಯುವುದಿಲ್ಲ. ಅದರ ಪಾಡು ನನಗೆ ಗೊತ್ತು. ಅವಳನ್ನು ಕಂಡರೆ ಮಾತ್ರ ಇನ್ನೂ ಉರಿಯುತ್ತದೆ. ಅವಳ ಕೈಚಳಕಕ್ಕಲ್ಲ, ಹೊಗಳಿಕೆಗೂ ಅಲ್ಲ. ನನ್ನನ್ನು ಇಬ್ಬರು ಕುಳಿತು ಹಿಡಿದರು, ಒಬ್ಬರು ಪ್ರೀತಿಯಿಂದಲೇ ಹಿಡಿದರು. ನನಗಾಗಿ ಯಾರೂ ಎದ್ದು ನಿಂತಿಲ್ಲ.