ಹೆಳವನ ಪುಸ್ತಕದಲ್ಲಿ ಅಪ್ಪ

೧೯೪೪ರ ಸುಗ್ಗಿ ಮುಗಿದಾಗ, ನಮ್ಮ ವಂಶಾವಳಿ ಓದುವ ಹೆಳವ ನಲವತ್ತು ವರ್ಷದ ಮೇಲೆ ತೂಬಗೆರೆಗೆ ಬಂದ. ಎತ್ತಿನಿಂದಿಳಿದು ಜಗಲಿಯಲ್ಲಿ ಕೂತು, ಅವನಪ್ಪ ಬರೆದಿಟ್ಟ ಪುಸ್ತಕ ಓದುತ್ತಾ ನನ್ನ ತಾತ ಚಿಕ್ಕಬೀರಪ್ಪನವರೆಗೆ ಬಂದ.

"ಒಬ್ಬನೇ ಮಗ, ಮುನಿಬೀರ. ಎರಡು ವರ್ಷದ ಕೂಸು, ಪ್ಲೇಗಲ್ಲಿ ತೀರ್ಕೊಂತು. ಮುಂದೆ ವಂಶ ಇಲ್ಲ."

ಮುನಿಬೀರಪ್ಪ ಅಂದರೆ ನನ್ನ ಅಪ್ಪ. ಹೆಳವನೆದುರಿಗೇ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಬದುಕಿರೋರ್ನ ಸಾಯಿಸ್ಬಿಟ್ಟಿದ್ದೀರಲ್ಲಯ್ಯ! ಮೊದ್ಲು ತಿದ್ದು!"

ಹೆಳವ ಗಾಬರಿಯಾಗಿ ಲೇಖನಿ ತೆಗೆದ. ಅಪ್ಪ ಅವನ ಕೈ ಹಿಡಿದುಕೊಂಡ.

"ತಿದ್ಬೇಡ. ಸರ್ಯಾಗೇ ಬರ್ದವ್ರೆ. ನಾನು ಊರಾಚೆ ಪ್ಲೇಗಿನ ಗುಡಿಸಲಲ್ಲಿ ಸಿಕ್ಕಿದ ಅನಾಥ ಕೂಸು. ಸತ್ತ ಮಗನ ಹೆಸರಿಟ್ಟು ಸಾಕುದ್ರು."

"ನಿನ್ನ ಹೆಸರೇನಿತ್ತಪ್ಪಾ?" ಎಂದೆ.

"ಅದು ಗೊತ್ತಿದ್ದೋರೆಲ್ಲ ಆ ಗುಡಿಸಲಲ್ಲೇ ಹೋದ್ರು ಕಣಪ್ಪ."