ಬಾಗಿಲ ಹಿಂದಿನ ಮೂಲೆ

ಯಾವುದೇ ಕೋಣೆಗೆ ಕಾಲಿಟ್ಟ ಕೂಡಲೇ ಒಂದು ಚಪ್ಪಾಳೆ ತಟ್ಟಿ ನೋಡುವುದು ಸ್ಟುಡಿಯೋದವರ ಚಟ. ಬೋಳು ಗೋಡೆ ಸದ್ದನ್ನು ಠಣ್ಣನೆ ವಾಪಸು ಎಸೆಯುತ್ತದೆ. ಹಾಸಿಗೆ, ಪರದೆ, ಮನುಷ್ಯನ ಮೈ ಅದನ್ನು ನುಂಗಿಕೊಳ್ಳುತ್ತವೆ. ಎಲ್ಲರ ಕಿವಿಗೂ ಇದು ಕೇಳಿಸುತ್ತದೆ, ಆದರೆ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿದೆ ಹೇಳಿ! ಈ ಕಥೆಯ ಅಕ್ಕತಂಗಿಯರಿಬ್ಬರಲ್ಲಿ ತಂಗಿ ರೆಕಾರ್ಡಿಂಗ್ ಕೆಲಸದವಳು. ಅವಳಿಗೆ ಈ ವಿದ್ಯೆ ಕಲಿಸಿದವನು ಅವಳ ಗಂಡ, ಅವನದೂ ಅದೇ ಕಸುಬು. ಸಂಜೆ ಅವಳು ಮನೆಗೆ ಬರುವ ಹೊತ್ತಿಗೆ ಬಾಗಿಲ ಹಿಂದಿನ ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಇವಳು ಚಪ್ಪಾಳೆ ತಟ್ಟಿ, "ಇದ್ದೀರಿ, ಗೊತ್ತಾಯ್ತು. ಬನ್ನಿ ಆಚೆಗೆ" ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ತಲೆ ನೆರೆತರೂ ಹುಡುಗಾಟ ಬಿಡದ ಗಂಡಹೆಂಡಿರು.

ಅವನು ತೀರಿಕೊಂಡ ದಿನ ಆಸ್ಪತ್ರೆಯಿಂದ ಒಬ್ಬಳೇ ಬಂದವಳು ಅಭ್ಯಾಸಬಲದಿಂದ ತಟ್ಟಿಯೇಬಿಟ್ಟಳು. ಆ ಮೂಲೆ ಸದ್ದನ್ನು ನುಂಗಿತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಅಂದಿನಿಂದ ಅವಳು ಮನೆ ಬಿಟ್ಟು ಕದಲಲಿಲ್ಲ, ಕೆಲಸಕ್ಕೂ ಹೋಗಲಿಲ್ಲ.

ಕೊನೆಗೆ ಅಕ್ಕ ಸಾಮಾನಿನ ಗಾಡಿಯನ್ನೇ ತಂದು ನಿಲ್ಲಿಸಿದಳು. ಅವಳದು ಒಂದೇ ಮಾತು: ಮೂಲೆಯಲ್ಲಿ ಅವನ ಕೋಟು ನೇತಾಡುತ್ತಿದೆ, ಸದ್ದು ನುಂಗುವುದು ಅದೇ, ಹೊಟ್ಟೆಗಿಲ್ಲದೆ ಹೀಗೆ ಕೂತರೆ ಇನ್ನೇನೇನೋ ಕೇಳಿಸೀತು. ಕೋಟೊಂದನ್ನು ಬಿಡು ಎಂದು ತಂಗಿ ಅಂಗಲಾಚಿದಳು. ಅಕ್ಕ ಕಿವಿಗೆ ಹಾಕಿಕೊಂಡರೆ ತಾನೇ! ಕೋಟು, ಕುರ್ಚಿ, ಪರದೆ ಎಲ್ಲ ಗಾಡಿ ಸೇರಿದವು.

"ಈಗ ತಟ್ಟು. ಇಲ್ಲ ಅಂದ್ರೆ ಇಲ್ಲ, ಅಷ್ಟೇ. ನನ್ನ ಜೊತೆ ಬಂದ್ಬಿಡು."

ತಂಗಿ ಎರಡೂ ಕೈ ಎತ್ತಿದಳು. ಮೂಲೆ ಠಣ್ಣೆಂದರೆ ಅವನು ಇನ್ನೊಂದು ಸಲ ಸತ್ತಂತೆಯೇ. ತಟ್ಟಿದಳು. ನಾಲ್ಕೂ ಮೂಲೆ ಠಣ್ಣೆಂದವು. ಅವಳು ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಅಕ್ಕನೂ ಅತ್ತಳು, ಪಾಪ, ಅವಳೇನು ಕಲ್ಲುಮನಸ್ಸಿನವಳಲ್ಲ.

ಅಕ್ಕನ ಮನೆಯಲ್ಲಿ ತಂಗಿಗೆಂದು ಹೊಸದಾಗಿ ಸುಣ್ಣ ಬಳಿಸಿದ ಕೋಣೆಯಿತ್ತು. ಸಾಮಾನು ಇನ್ನೂ ಗಾಡಿಯಲ್ಲೇ ಇತ್ತು, ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ತಂಗಿ ಹೊಸ್ತಿಲಲ್ಲೇ ಕೈಕಟ್ಟಿ ನಿಂತಳು. ಇನ್ನು ಈ ಜನ್ಮದಲ್ಲಿ ಚಪ್ಪಾಳೆ ತಟ್ಟುವುದಿಲ್ಲ ಎಂದು ಅವಳು ತೀರ್ಮಾನಿಸಿಯಾಗಿತ್ತು. ಅವಳನ್ನು ಹೇಗಾದರೂ ನಗಿಸಬೇಕೆಂದು ಅಕ್ಕ ತಾನೇ ಒಳಗೆ ಹೋಗಿ, ನಿಮ್ಮ ವಿದ್ಯೆ ನನಗೂ ಬರುತ್ತದೆ ನೋಡು ಎಂದು ಗೇಲಿ ಮಾಡುತ್ತ ಚಪ್ಪಾಳೆ ತಟ್ಟಿದಳು.

ನಗು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ತಟ್ಟಿದಳು. ಬಾಗಿಲ ಹಿಂದೆ ಇಣುಕಿದಳು. ಬರೀ ಗೋಡೆ. ಅಕ್ಕನ ಮುಖ ಬಿಳಿಚಿಕೊಂಡಿತು.

"ಈ ಮೂಲೆ ಒಂದೇ ಯಾಕೆ ಸದ್ದು ನುಂಗ್ತಿದೆ?" ಎಂದಳು ಪಿಸುದನಿಯಲ್ಲಿ.

ತಂಗಿ ಕಟ್ಟಿದ ಕೈ ಬಿಚ್ಚಿದಳು. ಹಿಂದೆ ನಿಂತವರಿಗೆ ತಾಗದ ಹಾಗೆ ಬಾಗಿಲನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡಳು.

"ಇದ್ದೀರಿ, ಗೊತ್ತಾಯ್ತು. ಬನ್ನಿ ಆಚೆಗೆ."