ಜೋಡಿ ನಂಬರು

ಕೊನೆಯ ಅಂಕಿ ಏಳು ಆಗದಿರಲಿ ಎಂದುಕೊಳ್ಳುತ್ತಲೇ ಅಜಿತ ಪೆನ್ಸಿಲ್ ಉಜ್ಜಿದ. ಹ್ಯಾಂಡಲ್ ಕೆಳಗಿನ ಕಬ್ಬಿಣಕ್ಕೆ ಒತ್ತಿ ಹಿಡಿದ ಕಾಗದದ ಮೇಲೆ ಫ್ರೇಮಿನ ನಂಬರು ಒಂದೊಂದೇ ಅಂಕಿಯಾಗಿ ಮೂಡಿತು. ಏಳೇ ಬಂತು.

ಈ ಹಳೆಯ ಯಮಹಾದಲ್ಲಿ ಫ್ರೇಮಿನ ನಂಬರೂ ಇಂಜಿನ್ನಿನ ನಂಬರೂ ಒಂದೇ ಇರಬೇಕು. ಇದ್ದರೆ ಗಾಡಿ ಅಸಲು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಜಿತನನ್ನು ವಿಜಯಪುರದ ಗ್ಯಾರೇಜುಗಳಲ್ಲಿ ‘ನಂಬರ್ ಸರ’ ಎನ್ನುತ್ತಿದ್ದರು. ಬಬಲೇಶ್ವರದಿಂದ ತಿಕೋಟಾದವರೆಗೆ ಅವನು ಹೂಂ ಅಂದದ್ದೇ ಅಸಲು. ಪಾಠ ಮಾಡಿ ಸಿಗದ ಮರ್ಯಾದೆ ಇಲ್ಲಿ ಪುಕ್ಕಟೆ ಸಿಗುತ್ತಿತ್ತು.

ಈ ನಂಬರನ್ನು ಅವನು ಹಿಂದೆ ನೋಡಿದ್ದ. ಎಂಟು ವರ್ಷದ ಕೆಳಗೆ, ಇಬ್ರಾಹಿಂಪುರದ ಇಸಾಕನ ಗ್ಯಾರೇಜಿನಲ್ಲಿ. ಆಗ ಅಜಿತನ ಬಳಿ ಇಂಜಿನ್ನಿಲ್ಲದ ಒಂದು ಫ್ರೇಮಿತ್ತು. “ತಿಕೋಟಾದ ಮುದುಕಂದು ಗಾಡಿ ರಿಪೇರಿಗೆ ಬಂದೈತ್ರಿ. ಅವಗೇನ ತಿಳೀತೈತಿ,” ಎಂದಿದ್ದ ಇಸಾಕ. ಮುದುಕನ ಇಂಜಿನ್ ಇಳಿಸಿ, ಯಾವುದೋ ಬೇರೆ ಏರಿಸಿದ. ಇಳಿಸಿದ್ದರ ನಂಬರು ಉಜ್ಜಿ ಅಳಿಸಿ, ಅಲ್ಲಿ ಅಜಿತನ ಫ್ರೇಮಿನ ನಂಬರು ಹೊಡೆದ. ಅಜಿತ ಟಾರ್ಚ್ ಹಿಡಿದು ನಿಂತಿದ್ದ. ಇವತ್ತು ಆ ಮುದುಕನ ಮನೆಗೆ ಬಂದದ್ದೂ ಆ ಇಂಜಿನ್ ಏರಿಸಿದ ತನ್ನ ಗಾಡಿಯ ಮೇಲೆಯೇ.

“ಅಬ್ಬಾ ಸಾಯೂ ತನಕ ಒಂದ ಹಾಡು ಹಾಡಿದ್ರು ಸರ,” ಎಂದ ಸೈಫುದ್ದೀನ, ಆ ಮುದುಕನ ಮಗ. “ಈ ಇಂಜಿನ್ ನಂದಲ್ಲ, ಆವಾಜ ಬ್ಯಾರೆ ಐತಿ ಅಂತ. ಮುಪ್ಪಿನ ಭ್ರಮಾ ಅಂತ ನಾನ ಬೈದ್ನಿ. ಕಡೀಕ ನನ್ನ ಕೂಡ ಮಾತ ಬಿಟ್ರು.”

ಬಾಗಿಲಲ್ಲಿದ್ದ ಅವನ ತಾಯಿ ರಾಜಬಿ ಸೆರಗು ತಲೆಯ ಮೇಲೆಳೆದುಕೊಂಡಳು. “ಅವರು ಸುಳ್ಳು ಹೇಳಾವರಲ್ಲರಿ. ನೀವ ನೋಡಿ ಒಂದ ಮಾತ ಹೇಳ್ರಿ. ಅವರಂದದ್ದು ಖರೇ ಇದ್ರ, ಇಂವ ಖಬರಸ್ತಾನಕ್ಕ ಹೋಗಿ ಮಾಫಿ ಕೇಳಿ ಬರತಾನ.”

ಅಜಿತ ಇಂಜಿನ್ನಿನ ಸವೆದ, ಕಣ್ಣಿಗೆ ಕಾಣದ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿದ. ಒಂದಂಕಿಯೂ ಹೊಂದಲಿಲ್ಲ. ಹೊಂದಿಲ್ಲ ಎಂದರೆ ಸಾಕಿತ್ತು. ಆದರೆ ಆಮೇಲೆ ಇಸಾಕನನ್ನು ಕೇಳುತ್ತಾರೆ, ಇಸಾಕ ತನ್ನ ಹೆಸರು ಹೇಳುತ್ತಾನೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಅವನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

“ಜೋಡಿ ಸರಿ ಐತ್ರಿ. ಅಸಲ ಐತಿ,” ಎಂದು ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡ.

“ಹಂಗಾರ ಭ್ರಮಾನ ಇತ್ತು,” ಎಂದು ರಾಜಬಿ ಚಹಾ ತರಲು ಒಳಗೆ ಹೋದಳು. ಅವಳು ತಂದ ಚಹಾವನ್ನು ಅಜಿತ ಪೂರ್ತಿ ಕುಡಿದ.

ಗಟಾರಕ್ಕೆ ಅಗೆದಿದ್ದರಿಂದ ಅವನ ಗಾಡಿ ಓಣಿಯ ಬಾಯಲ್ಲೇ ನಿಂತಿತ್ತು. ಕಳಿಸಲು ತಾಯಿ ಮಗ ಇಬ್ಬರೂ ಅಲ್ಲಿಯವರೆಗೆ ಬಂದರು. ಕಿಕ್ ಮೇಲೆ ಕಾಲಿಟ್ಟ ಅಜಿತ ಹಾಗೇ ಕಾಲು ತೆಗೆದ. ಮೂವತ್ತು ವರ್ಷ ಗಂಡನ ಈ ಇಂಜಿನ್ನಿನ ಸದ್ದಿಗೆ ಬಾಗಿಲು ತೆರೆದವಳು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು.

“ಪೆಟ್ರೋಲ್ ಮುಗದಂಗ ಕಾಣತೈತಿ. ಕಿಕ್ಕೂ ಜಾರತೈತಿ. ನೂಕ್ಕೊಂತ ಹೋಗತೀನಿ.”

ಸೈಫುದ್ದೀನ ಗಾಡಿ ಅಲುಗಿಸಿ ಟ್ಯಾಂಕಿಗೆ ಕಿವಿಯಿಟ್ಟ. “ಭರಪೂರ ಐತ್ರಲ್ಲ ಸರ.” ಕೀಲಿಯನ್ನೂ ಅವನೇ ತಿರುವಿದ. “ಕುಂದರ್ರಿ. ಗೇರ್ ಹಾಕ್ರಿ. ನಾ ನೂಕತೀನಿ.”

ಬೇಡವೆನ್ನಲು ನೆಪ ಹೊಳೆಯಲಿಲ್ಲ. ಅಜಿತ ಕುಳಿತು ಗೇರ್ ಹಾಕಿ ಕ್ಲಚ್ ಬಿಗಿಹಿಡಿದ. ಗಾಡಿ ಉರುಳತೊಡಗಿತು.

“ಕ್ಲಚ್ ಬಿಡ್ರಿ ಸರ.”

ಬಿಟ್ಟರೆ ಇಂಜಿನ್ ಶುರುವಾಗುತ್ತಿತ್ತು. ಅವನು ಬಿಡಲಿಲ್ಲ. ಕನ್ನಡಿಯಲ್ಲಿ ರಾಜಬಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಲಾರಿ ಬಸ್ಸುಗಳ ಗದ್ದಲದ ಅಥಣಿ ರಸ್ತೆ ಇನ್ನೂ ದೂರವಿತ್ತು.

“ಈಗ ಬಿಡ್ರಿ,” ಎಂದು ಏದುಸಿರು ಬಿಡುತ್ತ ಸೈಫುದ್ದೀನ ಮತ್ತಷ್ಟು ಜೋರಾಗಿ ನೂಕಿದ. ಅಜಿತನ ಬೆರಳು ಮರಗಟ್ಟುತ್ತಿದ್ದವು. ಅವನು ಇನ್ನೂ ಬಿಗಿಯಾಗಿ ಹಿಡಿದ.